ಮದುವೆಯಾಗದವರ ಸಕ್ಕರೆ

ಶ್ರಾವ್ಯಳ ಸಂಕಟಕ್ಕೆಲ್ಲ ಕಾರಣ ಒಂದೇ ಒಂದು ಪದ: ಅವಿವಾಹಿತ.

ಕೊಪ್ಪದ ಈ ಹುಡುಗಿ ಪೋಷಣಾ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳು ಮೊದಲು ಆರಿಸಿಕೊಂಡಿದ್ದ ವಿಷಯ 'ಮಲೆನಾಡಿನ ಪುರುಷರ ಆಹಾರ ಮತ್ತು ಸಕ್ಕರೆ ಕಾಯಿಲೆಯ ಸಾಧ್ಯತೆ.' ಗೈಡ್ ವೇದಾವತಿ ಮೇಡಂಗೆ ಅದು ಸಪ್ಪೆ ಎನಿಸಿತು. "ಇದನ್ನ ಎಲ್ಲರೂ ಮಾಡಿದಾರೆ. 'ಅವಿವಾಹಿತ' ಅಂತ ಸೇರಿಸು, ಹೊಸತಾಗ್ತದೆ," ಎಂದವರು ಸಾರಿಗೆ ಉಪ್ಪು ಉದುರಿಸಿದಷ್ಟು ಸಲೀಸಾಗಿ ತಾವೇ ಸೇರಿಸಿಬಿಟ್ಟರು.

ಮೂವತ್ತು ದಾಟಿದ ಬ್ರಹ್ಮಚಾರಿಗಳನ್ನು ಹುಡುಕುವುದೇನೂ ಕಷ್ಟವಿರಲಿಲ್ಲ. ಹಳ್ಳಿಯಲ್ಲೇ ಉಳಿದ ಹುಡುಗರಿಗೆ ಹೆಣ್ಣು ಸಿಗದೆ ವರ್ಷಗಳಾಗಿದ್ದ ಆ ಸೀಮೆಯಲ್ಲಿ ಕಣ್ಣುಮುಚ್ಚಿ ಕಲ್ಲು ಬೀಸಿದರೂ ಒಬ್ಬನಿಗೆ ತಾಗುತ್ತಿತ್ತು. ಹಾಗಾಗಿ ಒಂದು ಬೆಳಿಗ್ಗೆ ಶ್ರಾವ್ಯ ಬ್ಯಾಗಿನಲ್ಲಿ ತೂಕದ ಯಂತ್ರ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಕಡಹಿನಬೈಲಿನಲ್ಲಿ ಬಸ್ಸಿಳಿದಳು.

ಮೊದಲ ಮನೆ ಗಿರಿಯಮ್ಮನದು. ಆಕೆ ಜಗಲಿಯಲ್ಲಿ ಕೂತು ಹರಿವೆ ಸೊಪ್ಪು ಸೋಸುತ್ತಿದ್ದಳು.

"ಅಮ್ಮ, ಮನೇಲಿ ಮದುವೆಯಾಗದ ಗಂಡಸರು ಇದಾರಾ?"

ಗಿರಿಯಮ್ಮನ ಮಡಿಲಿನ ಸೊಪ್ಪು ನೆಲಕ್ಕೆ ಬಿತ್ತು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದಾನೆ ಮಾರಾಯ್ತಿ, ಸಂತೋಷ ಅಂತ, ಒಬ್ಬನೇ ಮಗ. ಕೂತ್ಕ, ಕೂತ್ಕ. ಎಂತ ಆಗ್ಬೇಕಿತ್ತು?"

"ಅವರ ಎತ್ತರ, ತೂಕ, ಸೊಂಟದ ಸುತ್ತಳತೆ ನೋಡ್ಬೇಕು. ಏನೇನು ತಿಂತಾರೆ ಅಂತನೂ ಕೇಳ್ಬೇಕು."

"ಈಗಿನ ಹುಡ್ಗೀರು ಹಿಂಗೇ ಇರ್ಬೇಕು. ನಾನಂತೂ ತಾಳಿ ಕಟ್ಟೋ ಹೊತ್ತಿಗೇ ಇವರಪ್ಪನ ಮುಖ ನೋಡಿದ್ದು," ಎಂದಳು ಗಿರಿಯಮ್ಮ. ಜಾತಿ, ಗೋತ್ರ ಯಾವುದನ್ನೂ ಕೇಳಲಿಲ್ಲ. ಹೆಣ್ಣಿನ ಬರ ಬಂದ ಮೇಲೆ ಅವೆಲ್ಲ ತಾವಾಗಿಯೇ ಅಟ್ಟ ಸೇರಿದ್ದವು.

ಶ್ರಾವ್ಯ ಇದನ್ನು ವಿಜ್ಞಾನಕ್ಕೆ ಸಂದ ಮೆಚ್ಚುಗೆ ಎಂದುಕೊಂಡಳು.

ಗದ್ದೆಯಲ್ಲಿದ್ದ ಸಂತೋಷನನ್ನು ಕರೆಸಿ, ಮೀಯಿಸಿ, ಇಸ್ತ್ರಿ ಅಂಗಿ ತೊಡಿಸಿ ನಿಲ್ಲಿಸಲಾಯಿತು. ಎತ್ತರ ನೋಡುವಾಗ ಅವನು ತುದಿಗಾಲಲ್ಲಿ ನಿಂತ. ಸೊಂಟಕ್ಕೆ ಟೇಪು ಸುತ್ತುವಾಗ ಉಸಿರೆಳೆದುಕೊಂಡವನು ಬಿಡುವುದನ್ನೇ ಮರೆತು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ.

"ನಿನ್ನೆ ಬೆಳಿಗ್ಗೆ ಏನು ತಿಂದಿರಿ?"

"ಸೊಪ್ಪು," ಎಂದಳು ತಾಯಿ.

"ಮಧ್ಯಾಹ್ನ?"

"ಹಸಿ ಸೌತೆಕಾಯಿ."

"ಕಾಫಿಗೆ ಸಕ್ಕರೆ ಎಷ್ಟು ಚಮಚ?"

"ಸಕ್ಕರೆ ಡಬ್ಬಿ ಎಲ್ಲಿದೆ ಅಂತ್ಲೇ ಅವನಿಗೆ ಗೊತ್ತಿಲ್ಲ."

"ಕುಡಿಯೋ ಅಭ್ಯಾಸ ಇದೆಯಾ?"

"ಇದೆ," ಎಂದಳು ಗಿರಿಯಮ್ಮ. ಸಂತೋಷ ಬೆಚ್ಚಿಬಿದ್ದ. ಅವಳು ಮಾತು ಮುಗಿಸಿದಳು: "ಹಾಲು."

ಶ್ರಾವ್ಯ ಅಂಗಳ ದಾಟುವಷ್ಟರಲ್ಲಿ ಸುದ್ದಿ ಮೊಬೈಲ್ ಹತ್ತಿ ಊರೆಲ್ಲ ಸುತ್ತಿತ್ತು. ಮುಂದಿನ ಮನೆಯ ಶಂಕರಮ್ಮನ ಮಗ ಸೀತಾರಾಮ, ದಾರಿಹೋಕರಿಗೂ ಕಾಣುವ ಹಾಗೆ ಅಂಗಳದ ನಡುವೆ ಕೂತು ಪಾತ್ರೆ ತೊಳೆಯುತ್ತಿದ್ದ. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.

"ದಿನಾ ಬೆಳಿಗ್ಗೆ ಎಲ್ಲರಿಗೂ ಇವನೇ ದೋಸೆ ಹೊಯ್ದು ಕೊಡೋದು," ಎಂದಳು ಶಂಕರಮ್ಮ. ಒಳಗಿದ್ದ ಅವಳ ಗಂಡನಿಗೆ ಕೆಮ್ಮು ಉಕ್ಕಿ ಬಂತು.

ಮನೆಮನೆಯಲ್ಲೂ ಕೇಸರಿಬಾತು. ಸಕ್ಕರೆ ಎಂದರೇನೆಂದೇ ಅರಿಯದ ಆ ಊರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಶ್ರಾವ್ಯಳೊಬ್ಬಳ ಹೊಟ್ಟೆಗೇ ವಾರಕ್ಕಾಗುವಷ್ಟು ಸಕ್ಕರೆ ಇಳಿದಿತ್ತು.

ಕೊನೆಯ ಮನೆಯ ಭೈರಮ್ಮ ಮಗ ಶಿವಕಿರಣನ ಅಳತೆ ಮುಗಿದ ಮೇಲೆ ಕೇಳಿದಳು: "ನಿಂದು ಯಾವ ನಕ್ಷತ್ರ ಮಗಾ?"

ಆಗ ಶ್ರಾವ್ಯಳಿಗೆ ಎಲ್ಲವೂ ಹೊಳೆಯಿತು. ಬೆಳಿಗ್ಗೆಯಿಂದ ಬರೆದುಕೊಂಡದ್ದನ್ನು ನಂಬುವುದಾದರೆ ಕಡಹಿನಬೈಲಿನ ಗಂಡಸರು ಆಡುಗಳಿಗಿಂತ ಹೆಚ್ಚು ಸೊಪ್ಪು ಮೇಯುತ್ತಿದ್ದರು. ಇದನ್ನು ಒಯ್ದರೆ ಪ್ರಬಂಧ ಒಲೆಗೆ. ಅವಳಿಗೆ ಹೊಳೆದದ್ದು ಒಂದೇ ಉಪಾಯ.

"ಅಮ್ಮ, ನಂಗೆ ಮದುವೆ ನಿಶ್ಚಯ ಆಗಿದೆ."

ಭೈರಮ್ಮ ಕೇಸರಿಬಾತಿನ ತಟ್ಟೆಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. "ಹಂಗಾರೆ ನಮ್ ಹುಡ್ಗನ ಸೊಂಟ ಅಳ್ದಿದ್ದು ಎಂತಕ್ಕೆ?"

"ಯಾರಿಗೆಲ್ಲ ಶುಗರ್ ಬರೋ ಹಾಗಿದೆ ಅಂತ ನೋಡಕ್ಕೆ. ವರದಿ ಸರ್ಕಾರಕ್ಕೂ ಹೋಗ್ತದೆ."

"ಸರ್ಕಾರಕ್ಕಾ?" ಭೈರಮ್ಮ ಎದ್ದು ಒಳಗೆ ಹೋದಳು. ಬಹಳ ಹೊತ್ತು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಹೊರಗೆ ಬಂದವಳ ಮುಖ ಮೆತ್ತಗಾಗಿತ್ತು. "ಸುಳ್ಳು ಹೇಳಿದ್ದು ತಪ್ಪಾಯ್ತು ಮಗಾ. ಈಗ ಸರಿಯಾಗಿ ಬರ್ಕ. ಇವನು ಕಾಫಿಗೆ ಸಕ್ಕರೆ ಹಾಕೋದಲ್ಲ, ಸಕ್ಕರೆಗೆ ಕಾಫಿ ಹಾಕೋದು."

ಶಿವಕಿರಣನೂ ತಲೆ ತಗ್ಗಿಸಿ ಒಪ್ಪಿಕೊಂಡ. "ಬೆಲ್ಲದ ಡಬ್ಬಿ ನಂಗೇ ಬೇರೆ ಇಟ್ಟಿದಾರೆ."

ಶ್ರಾವ್ಯ ಬಂದ ದಾರಿಯಲ್ಲೇ ಮನೆಮನೆಗೂ ಮರಳಿದಳು. ಎಲ್ಲೆಡೆ ಪಶ್ಚಾತ್ತಾಪವೋ ಪಶ್ಚಾತ್ತಾಪ. ಶಂಕರಮ್ಮ, ಮಗ ಊಟದ ಬದಲು ಜಿಲೇಬಿಯನ್ನೇ ತಿನ್ನುತ್ತಾನೆಂದು ಕಣ್ಣೊರೆಸಿಕೊಂಡಳು. ಗಿರಿಯಮ್ಮನಂತೂ ಅಂಗಳದ ತುದಿಯಲ್ಲೇ ಕಾದಿದ್ದಳು. "ತಿದ್ದಿ ಬರ್ಕ ಮಾರಾಯ್ತಿ. ಅವನು ಕುಡಿಯೋದು ಹಾಲಲ್ಲ." ಸಂತೋಷ ಈ ಬಾರಿ ಹೊಟ್ಟೆಯನ್ನು ಎಷ್ಟು ಉದಾರವಾಗಿ ಬಿಟ್ಟನೆಂದರೆ ಟೇಪಿನ ಎರಡು ತುದಿಗಳು ಒಂದನ್ನೊಂದು ಮುಟ್ಟಲು ಹೆಣಗಿದವು.

ಶ್ರಾವ್ಯ ಪುಸ್ತಕ ಮಡಚಿ ಬ್ಯಾಗಿಗೆ ಹಾಕಿದಳು. ಎಂಥ ಸಾಚಾ ಜನ. ಪ್ರಬಂಧದಲ್ಲಿ ಗ್ರಾಮೀಣರ ಪ್ರಾಮಾಣಿಕತೆಯ ಬಗ್ಗೆಯೇ ಒಂದು ಅಧ್ಯಾಯ ಬರೆಯಬೇಕೆಂದುಕೊಂಡು ಸಂಜೆಯ ಬಸ್ಸು ಹತ್ತಿದಳು.

ಕೊಪ್ಪದಲ್ಲಿರುವ ಮಗಳ ಮನೆಗೆ ಹೊರಟಿದ್ದ ಶಂಕರಮ್ಮನೂ ಅದೇ ಬಸ್ಸು ಹತ್ತಿ ಪಕ್ಕದಲ್ಲೇ ಕೂತಳು. ಶೆಟ್ಟಿಕೊಪ್ಪ ದಾಟಿದ ಮೇಲೆ ಮೆಲ್ಲಗೆ ಕೇಳಿದಳು: "ಮಗಾ, ಫ್ರಿಜ್ಜು ಯಾವಾಗ ಬರ್ತದೆ?"

"ಯಾವ ಫ್ರಿಜ್ಜು?"

"ಶುಗರ್ ಇದ್ದೋರ ಮನೆಗೆ ಸರ್ಕಾರದೋರು ಕೊಡ್ತಾರಂತಲ್ಲ, ಇನ್ಸುಲಿನ್ ಇಡಕ್ಕೆ. ಭೈರಮ್ಮ ಫೋನ್ ಮಾಡಿದಾಗ ನಿನ್ನ ಮದುವೆ ನಿಶ್ಚಯದ ಜೊತೆಗೆ ಇದನ್ನೂ ಹೇಳಿದ್ಲು. ನಮ್ಗೆ ಎರಡು ಬಾಗಿಲಿಂದೇ ಬರ್ಲಿ ಅಂತ ಜಿಲೇಬಿ ಸ್ವಲ್ಪ ಜಾಸ್ತಿನೇ ಬರೆಸಿದೀನಿ. ಸೀತಾರಾಮಂಗೆ ಸಿಹಿ ಕಂಡ್ರೇ ಆಗದು."

ಶ್ರಾವ್ಯ ಕೂತಲ್ಲಿಂದಲೇ ವೇದಾವತಿ ಮೇಡಂಗೆ ಫೋನ್ ಮಾಡಿದಳು. "ಮೇಡಂ, ಎಲ್ಲ ಹಾಳಾಯ್ತು. ಬೆಳಿಗ್ಗೆ ಹೇಳಿದ್ದೂ ಸುಳ್ಳು, ಮಧ್ಯಾಹ್ನ ಹೇಳಿದ್ದೂ ಸುಳ್ಳು."

"ಎರಡೂ ಬರ್ಕೊಂಡಿದೀಯಾ?" ಮೇಡಂ ದನಿಯಲ್ಲಿ ಉತ್ಸಾಹವಿತ್ತು. "ಒಳ್ಳೇದೇ ಆಯ್ತು. ಎರಡನ್ನೂ ಕೂಡಿಸಿ ಸರಾಸರಿ ತೆಗಿ. ಸತ್ಯ ಎಲ್ಲೋ ಮಧ್ಯದಲ್ಲಿರ್ತದೆ. ನನ್ನ ಪಿಎಚ್.ಡಿ.ಯೂ ಹಂಗೇ ಮುಗಿದದ್ದು."

ಫೋನ್ ಇಟ್ಟ ಶ್ರಾವ್ಯಳ ಕಣ್ಣಲ್ಲಿ ನೀರು ಬಂತು. ಶಂಕರಮ್ಮ ಸೆರಗಿನ ತುದಿ ಕೊಟ್ಟಳು.

"ಅತ್ತೆಯಾಗೋರಾ ಫೋನಲ್ಲಿ?"

ವಿವರಿಸುವ ತ್ರಾಣವಿಲ್ಲದೆ ಶ್ರಾವ್ಯ ಹೌದೆಂಬಂತೆ ತಲೆಯಾಡಿಸಿದಳು.

"ಈಗ್ಲೇ ಅಳಿಸ್ತಾರೆ ಅಂದ್ರೆ ಆ ಸಂಬಂಧ ಬಿಡು ಮಗಾ." ಶಂಕರಮ್ಮ ಇನ್ನಷ್ಟು ಹತ್ತಿರ ಸರಿದು ದನಿ ತಗ್ಗಿಸಿದಳು. "ಫ್ರಿಜ್ಜು ಹಾಳಾಗ್ಲಿ, ನಮ್ಮನೆ ಹೆಸರು ತೆಗೆದ್ಹಾಕು. ಸೀತಾರಾಮಂಗೆ ಶುಗರ್ ಎಂತದೂ ಇಲ್ಲ."