ಕಡವೆ ನೆಕ್ಕಿದ ಉಪ್ಪು

ಪರದೇಶದಲ್ಲಿ ಸಂಸಾರ ಹೂಡಿದವರು ಹೇಳಿಕೊಳ್ಳುವ ಕಷ್ಟಗಳು ಬೇರೆ, ಹೇಳಿಕೊಳ್ಳದ ಕಷ್ಟಗಳು ಬೇರೆ. ವೀಸಾ, ಮಕ್ಕಳ ಶಾಲೆ, ಸೊಗಡಿರುವ ಅವರೆಕಾಯಿ ಸಿಗದಿರುವುದು, ಇವನ್ನೆಲ್ಲ ಯಾರು ಬೇಕಾದರೂ ಹೇಳಿಕೊಂಡಾರು. ದೃಷ್ಟಿ ತೆಗೆದ ಉಪ್ಪನ್ನು ಎಲ್ಲಿ ಚೆಲ್ಲುವುದು ಎಂಬ ಕಷ್ಟವನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಮೈಸೂರಿನಲ್ಲಿ ಇದೊಂದು ಪ್ರಶ್ನೆಯೇ ಅಲ್ಲ. ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಎಸೆದು, ತಿರುಗಿ ನೋಡದೆ ಮನೆಗೆ ಬಂದರಾಯಿತು. ಇಲ್ಲಿ ಪುಚೊಂಗ್‌ನ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ ನನ್ನ ಹೆಂಡತಿ ವಿಜಯ ಮೊದಲ ಸಲ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಾಗ ಹೊಗೆಯ ಅಲಾರಂ ಬಡಿದುಕೊಂಡು, ಇಡೀ ಬ್ಲಾಕಿನ ಜನ ಮಕ್ಕಳು ಮರಿ ಬೆಕ್ಕುಗಳ ಸಮೇತ ಕೆಳಗಿಳಿದು ನಮ್ಮ ಕಿಟಕಿಯನ್ನೇ ನೋಡುತ್ತ ನಿಂತರು. ಅಷ್ಟು ಕಣ್ಣು ಒಟ್ಟಿಗೆ ಬಿದ್ದವಲ್ಲ ಎಂದು ಆವತ್ತು ಸಂಜೆ ಅವಳು ಮತ್ತೊಮ್ಮೆ ದೃಷ್ಟಿ ತೆಗೆದಳು. ಆಮೇಲೆ ಸುಡುವುದನ್ನು ಬಿಟ್ಟು ಬರೀ ಚೆಲ್ಲುವುದೆಂದಾಯಿತು. ಗೇಟಿನಾಚೆಯ ತಿರುವಿನಲ್ಲಿ ಚೆಲ್ಲಲು ಹೋದರೆ ಗಾರ್ಡ್ ಬಂದು ಪಕ್ಕದಲ್ಲೇ ನಿಂತ. "ಅಪ್ಪಾ, ಜಸ್ಟ್ ಬಿನ್ ಇಟ್ ಲಾ" ಎಂದಳು, ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಹಚ್ಚುವ ಮಗಳು. ಕಸದ ಬುಟ್ಟಿಗೆ ಹಾಕುವಂತಿಲ್ಲ, ಸಿಂಕಿಗೆ ಸುರಿಯುವಂತಿಲ್ಲ. ಯಾರೂ ತುಳಿಯದ ಜಾಗವೇ ಆಗಬೇಕು.

ಅಂಥ ಜಾಗ ಸಿಕ್ಕಿದ್ದು ಸಿರಿಲ್‌ನಿಂದ. ಸಿರಿಲ್ ನನ್ನ ಆಫೀಸಿನವನು, ಮಂಗಳೂರಿನವನು, ಕಾಡುಹಂದಿಯ ಬಫಾತ್ ತಿನ್ನದೆ ಸತ್ತರೆ ಸ್ವರ್ಗದಲ್ಲೂ ನೆಮ್ಮದಿಯಿಲ್ಲವೆಂದು ನಂಬಿದವನು. ಅವನಿಗೆ ಗೊತ್ತಿದ್ದ ಅಂಕಲ್ ಲಿಮ್ ಎಂಬ ವೃದ್ಧರಿಗೆ ಬೆಟ್ಟದ ಬುಡದಲ್ಲೊಂದು ಡುರಿಯನ್ ಹಣ್ಣಿನ ತೋಟ. ತೋಟ ಮುಗಿದಲ್ಲಿಂದ ಸರಕಾರಿ ಕಾಡು. ಆ ಕಾಡಿನಲ್ಲಿ ಹಂದಿ ಹೊಡೆಯಲು ಅಂಕಲ್‌ಗೆ ಕೋವಿಯೂ ಇತ್ತು, ಪರವಾನಗಿಯೂ ಇತ್ತು. ಭಾನುವಾರ ಅವರ ಹಿಂದೆ ಸಿರಿಲ್ ಮಾಂಸದ ಆಸೆಗೆ ಹೋದರೆ, ಸಾರನ್ನದ ಮನುಷ್ಯನಾದ ನಾನು ಹೊಟ್ಟೆ ಕರಗಿಸಲು ಹೋಗುತ್ತಿದ್ದೆ. "ರೀ, ಹೇಗೂ ಕಾಡಿಗೆ ಹೋಗ್ತೀರಲ್ಲ, ಇದನ್ನೂ ಅಲ್ಲೇ ಚೆಲ್ಲಿ ಬನ್ನಿ" ಎಂದು ವಿಜಯ ವಾರವಾರವೂ ಒಂದು ಪೊಟ್ಟಣ ಕೊಡತೊಡಗಿದಳು. ಕಾಡೆಂದರೆ ನಿಮ್ಮ ಪಾರ್ಕಿನ ಕಾಡಲ್ಲ. ಬೇರು ಹಿಡಿದು ಹತ್ತಬೇಕು, ಕೂತು ಜಾರಿ ಇಳಿಯಬೇಕು, ಕಾಲಿಗೆ ಹತ್ತಿದ ಜಿಗಣೆ ಕೀಳುವಷ್ಟರಲ್ಲಿ ಕತ್ತಿನಲ್ಲಿ ಇನ್ನೊಂದು. ಹಳ್ಳದ ಮೇಲಿನ ದೊಡ್ಡ ಮರದ ಹತ್ತಿರ ಬಂದಾಗ ನಾನು ಕಿರುಬೆರಳು ತೋರಿಸಿ ಮರೆಗೆ ಹೋಗಿ, ಪೊಟ್ಟಣ ಬಿಚ್ಚಿ ಸುರಿದು ಬರುತ್ತಿದ್ದೆ. ತಿಂಗಳುಗಟ್ಟಲೆ ಇದು ನಡೆಯಿತು. ಹಂದಿ ಮಾತ್ರ ಒಂದೂ ಸಿಗಲಿಲ್ಲ.

ಒಂದು ಭಾನುವಾರ ಅಂಕಲ್ ಆ ಮರದ ಬಳಿ ತಾವೇ ಹೋಗಿಬಿಟ್ಟರು. ಹೋದವರು ಮಂಡಿಯೂರಿ ಕೂತು, "ರುಸಾ! ರುಸಾ ಲಾ!" ಎಂದು ಪಿಸುಗುಟ್ಟಿದರು. ಒದ್ದೆ ಮಣ್ಣಿನಲ್ಲಿ ಸೀಳುಗೊರಸಿನ ದೊಡ್ಡ ಗುರುತುಗಳು. ನಮ್ಮ ಕಡೆ ಕಡವೆ ಎನ್ನುತ್ತೇವಲ್ಲ, ಅದೇ ದೊಡ್ಡ ಜಿಂಕೆ. ತಾವು ಹುಡುಗರಾಗಿದ್ದಾಗ ಈ ಬೆಟ್ಟದಲ್ಲಿ ಎಷ್ಟೋ ಇದ್ದವು, ಜನ ಹೊಡೆದು ಹೊಡೆದು ಮುಗಿಸಿದರು, ಈಗ ಅದನ್ನು ಮುಟ್ಟಿದವನಿಗೆ ಜೈಲು ಎನ್ನುತ್ತ ಆ ಗುರುತನ್ನು ಬೆರಳಿನಿಂದ ಸವರಿದರು. ಹಾಗೇ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಅವರ ಮುಖ ಬದಲಾಯಿತು. "ಉಪ್ಪು. ಯಾವನೋ ಕಳ್ಳ ಉಪ್ಪು ಹಾಕಿ ರುಸಾ ಬರೋದು ರೂಢಿ ಮಾಡಿಸ್ತಿದಾನೆ. ಆಮೇಲೆ ಹೊಡೀತಾನೆ." ಎಲೆಯಡಿಯಿಂದ ಒಂದು ಒಣಮೆಣಸಿನಕಾಯಿ ಎತ್ತಿ ಹಿಡಿದರು. "ನೋಡಿ ಎಷ್ಟು ಸೊಕ್ಕು! ಸಂಬಲ್ ಮಾಡಿಕೊಂಡು ಇಲ್ಲೇ ಮಕಾನ್ ಮಾಡೋ ಪ್ಲಾನ್!" ಸಂಬಲ್ ಎಂದರೆ ಇಲ್ಲಿಯವರ ಮೆಣಸಿನಕಾಯಿ ಚಟ್ನಿ, ಮಕಾನ್ ಎಂದರೆ ಊಟ. ನನ್ನ ಊಟ ಆ ಕ್ಷಣದಿಂದಲೇ ನಿಂತಿತು. ಬರುವ ಭಾನುವಾರ ಮೂವರೂ ಹೊಂಚು ಹಾಕಿ ಕೂತು ಕಳ್ಳನನ್ನು ಹಿಡಿಯುವುದು, ಹಿಡಿದು ಅರಣ್ಯದವರಿಗೆ ಒಪ್ಪಿಸುವುದು ಎಂದು ಅಂಕಲ್ ತೀರ್ಮಾನಿಸಿದರು. ನಾನೂ ತಲೆಯಾಡಿಸಿದೆ. ಆಗಲೇ ಹೇಳಬಹುದಿತ್ತು. ಆದರೆ ಅವರ ಕೈಯಲ್ಲಿ ಕೋವಿಯಿತ್ತು, ನನ್ನ ತಲೆಯಲ್ಲಿ ರದ್ದಾಗಲಿರುವ ಕೆಲಸದ ಪಾಸ್ ಇತ್ತು. ನಿಜ ಹೇಳುತ್ತೇನೆ, ಹೆದರಿಬಿಟ್ಟೆ.

ಮನೆಯಲ್ಲೂ ಹೇಳಲಿಲ್ಲ. ಹೇಳಿದ್ದರೆ ಆ ಭಾನುವಾರ ವಿಜಯ ಚೀಲದಲ್ಲಿ ಚಕ್ಕುಲಿ ಡಬ್ಬಿಯ ಕೆಳಗೆ ಪೊಟ್ಟಣ ಇಟ್ಟಿರುತ್ತಿರಲಿಲ್ಲ. ದಾರಿಯಲ್ಲಿ ಎಸೆಯೋಣವೆಂದರೆ ಅಂಕಲ್ ತಮ್ಮ ಟ್ರಕ್ಕಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ಬೆಳಕು ಹರಿಯುವ ಮುಂಚೆಯೇ ಆ ಮರದೆದುರಿನ ಬಂಡೆಯ ಹಿಂದೆ ಮೂವರೂ ಒತ್ತಿಕೊಂಡು ಕೂತೆವು. ಕಳ್ಳನನ್ನು ಕಾಯುವವರ ನಡುವೆ ಕಳ್ಳನೇ ಕೂತು, ತಾನು ಬರುತ್ತೇನೋ ಇಲ್ಲವೋ ಎಂದು ಕತ್ತು ಚಾಚಿ ನೋಡುವ ಪಾಡು ಶತ್ರುವಿಗೂ ಬೇಡ. ಸಿರಿಲ್ ಚಕ್ಕುಲಿಗೆಂದು ನನ್ನ ಚೀಲಕ್ಕೆ ಕೈ ಹಾಕಿದವನು ಪೊಟ್ಟಣ ಎಳೆದ. ಬಿಚ್ಚಿ ನೋಡಿ ನನ್ನ ಮುಖ ನೋಡಿದ.

"ಎಂತ ಮಾರಾಯ ಇದು? ಆ ಕಳ್ಳ ನೀನಾ?" ಎಂದ, ಉಸಿರಿನಲ್ಲೇ.

"ವಿಜಯಂದು. ದೃಷ್ಟಿ ತೆಗೆದಿದ್ದು" ಎಂದೆ.

"ಸಿಕ್ಕಿದ್ರೆ ನನ್ನನ್ನೂ ಸೇರಿಸಿ ಹಿಡಿದು ಕೊಡ್ತಾರೆ. ಅಂಕಲ್ ನೀರಿಗೆ ಚೀಲ ಕೇಳ್ತಾರೆ ಈಗ. ತಿಂದುಬಿಡು ಮಾರಾಯ!"

ಅಂಕಲ್ ನಿಜವಾಗಿಯೂ ನನ್ನ ಚೀಲದತ್ತ ಕೈ ಚಾಚಿದರು. ಕಾಲಡಿಯೆಲ್ಲ ಬೋಳುಬಂಡೆ, ಹುದುಗಿಸಿಡಲು ಮಣ್ಣೂ ಇಲ್ಲ. ಬುದ್ಧಿಯಿದ್ದವನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಾನು ಬಾಯಿಗೆ ಹಾಕಿಕೊಂಡೆ. ಹೆಂಡತಿ, ಮಗಳು, ಹೊಸ ಕಾರು, ನಾನು, ಎಲ್ಲರ ಮೇಲೆ ಬಿದ್ದ ಕಣ್ಣು ಮೆಣಸಿನಕಾಯಿ ಸಮೇತ ನನ್ನ ಎರಡು ಕೆನ್ನೆಗಳಲ್ಲಿ ತುಂಬಿಕೊಂಡಿತು.

ಅದೇ ಹೊತ್ತಿಗೆ ಅಂಕಲ್ ಚಾಚಿದ ಕೈ ಹಾಗೇ ನಿಂತಿತು. ಹಳ್ಳದಾಚೆಯ ಪೊದೆ ಅಲುಗಿ ಕಡವೆ ಹೊರಬಂತು. ಹೆಣ್ಣು ಕಡವೆ, ಹಿಂದೆಯೇ ಮರಿ. ಕಲ್ಲು ಕಲ್ಲಿನ ಮೇಲೆ ಕಾಲಿಟ್ಟು ಇಳಿಜಾರು ಹತ್ತಿ, ಕಿವಿ ತಿರುಗಿಸಿ, ನಮ್ಮ ಬಂಡೆಯತ್ತ ಮೂಗು ಎತ್ತಿ ನಿಂತಿತು. ಒಂದು ಕೆಮ್ಮು ಸಾಕಿತ್ತು, ಅದು ಈ ಬೆಟ್ಟ ಬಿಟ್ಟು ಓಡುತ್ತಿತ್ತು. ನನ್ನ ಗಂಟಲಲ್ಲಿ ಮೆಣಸಿನಕಾಯಿಯ ಬೀಜ. ಉಗುಳುವಂತಿಲ್ಲ, ನುಂಗುವಂತಿಲ್ಲ, ಉಸಿರೆಳೆಯುವಂತಿಲ್ಲ. ಸಿರಿಲ್ ನನ್ನ ತೊಡೆ ಹಿಸುಕಿ ಹಿಡಿದ. ತಾಯಿ ಮಣ್ಣು ನೆಕ್ಕತೊಡಗಿತು, ಮರಿ ತಾಯಿಯ ಬಾಯಿ ನೆಕ್ಕಿತು. ಅದರ ನಾಲಿಗೆಯ ಸಪ್ಪಳ ನಮಗೆ ಕೇಳುತ್ತಿತ್ತು. ನನ್ನ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. ಅಂಕಲ್ ತಿರುಗಿ ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು. ನನ್ನ ಹೃದಯ ಇಷ್ಟು ಮೃದುವೇ ಎಂಬಂತೆ ಭುಜ ತಟ್ಟಿದರು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಆ ಮರಿಯನ್ನು ನೋಡುತ್ತ, ಇವತ್ತು ಎದುರಿಗೆ ಕೂತದ್ದು ಅಂಕಲ್ ಅಲ್ಲದೆ ಬೇರೆ ಯಾರದೋ ಕೋವಿಯಾಗಿದ್ದರೆ ಎಂದು ಯೋಚಿಸಿದೆ. ನನ್ನ ಮನೆಯ ಪೊಟ್ಟಣ ಅವೆರಡನ್ನೂ ಇಲ್ಲಿಗೆ ಕರೆದು ನಿಲ್ಲಿಸಿತ್ತು.

ಅವು ನಿಧಾನವಾಗಿ ಪೊದೆಯೊಳಗೆ ಮರೆಯಾದ ಮೇಲೆ ನಾನು ಕೆಮ್ಮಿದೆ. ಬಂಡೆಯ ಮೇಲೆಲ್ಲ ಉಪ್ಪಿನ ಹರಳು ಚೆಲ್ಲಾಪಿಲ್ಲಿ, ನಡುವೆ ಅರ್ಧ ಅಗಿದ ಕೆಂಪು ಮೆಣಸಿನಕಾಯಿ. ಅಂಕಲ್ ಅದನ್ನು ನೋಡಿದರು, ನನ್ನನ್ನು ನೋಡಿದರು. ಕೋವಿ ಮಡಚಿ ತೋಟಾಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, "ಹೇಳು" ಎಂದರು. ಊದಿದ ತುಟಿಯಲ್ಲಿ ಎಲ್ಲ ಹೇಳಿದೆ. ಬೇರೆಯವರು ಹೊಟ್ಟೆಕಿಚ್ಚುಪಟ್ಟು ನೋಡಿದರೆ ಅದು ನಮಗೆ ತಗಲುತ್ತದೆ, ಉಪ್ಪು ಅದನ್ನು ಎಳೆದುಕೊಳ್ಳುತ್ತದೆ, ಅದನ್ನು ಯಾರೂ ತುಳಿಯಬಾರದು ಎಂದೆ. ಸಿರಿಲ್ ಮೇರಿ ಮಾತೆಯ ಆಣೆ ಹಾಕಿ ಹೌದೆಂದ. ಅಂಕಲ್ ಹೋಗಿ ಮರದ ಬುಡದಲ್ಲಿ ಮಂಡಿಯೂರಿ ಕೂತು, ಕತ್ತಿಯಿಂದ ಆ ಉಪ್ಪುಮಣ್ಣನ್ನೆಲ್ಲ ಕೆರೆದು ಕೆರೆದು ಹಳ್ಳಕ್ಕೆ ತಳ್ಳಿದರು. "ಇನ್ಮೇಲೆ ಸಮುದ್ರಕ್ಕೆ ಹಾಕು. ಅವು ಒಂದೇ ಕಡೆ ಬರೋದು ಕಲಿತರೆ ಕಳ್ಳ ಹುಡುಕೋದೇ ಬೇಡ ಲಾ" ಎಂದರು. ಅರಣ್ಯದವರ ಮಾತೆತ್ತಲಿಲ್ಲ. ಬದುಕಿದೆ ಎಂದುಕೊಂಡು ನಾನು ಎದ್ದೆ.

ಅಂಕಲ್ ಮಾತ್ರ ಏಳಲಿಲ್ಲ. ಕೆಸರು ಮೆತ್ತಿದ ನನ್ನ ಪ್ಯಾಂಟು, ಮೀನಖಂಡದಲ್ಲಿ ನೇತಾಡುವ ಜಿಗಣೆ, ಸುರಿಯುವ ಮೂಗು, ಎಲ್ಲವನ್ನೂ ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ನೋಡಿದರು. ಆಮೇಲೆ, ಕುಹಕವೇನೂ ಇಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು: "ವಾರವಾರ ಇಷ್ಟೊಂದು ಉಪ್ಪು. ನಿನ್ನನ್ನು ನೋಡಿ ಹೊಟ್ಟೆಕಿಚ್ಚು ಪಡೋರು ಯಾರು?"

ಬೆಟ್ಟ ಇಳಿಯುವಷ್ಟು ಹೊತ್ತೂ ನೆನಪು ಮಾಡಿಕೊಂಡೆ. ಒಂದು ಹೆಸರೂ ಹೊಳೆಯಲಿಲ್ಲ.