ಬೀದಿ ಕುಣಿತಕ್ಕೆ ಪರ್ಮಿಟ್ ಕೇಳಿದ ಮಾವ

ನನ್ನ ಸೋದರಮಾವನ ಅಪ್ಪಣೆಯಿಲ್ಲದೆ ಕುವೈತಿನಲ್ಲಿ ಬೆಂಕಿ ಕೂಡ ಉರಿಯುವುದಿಲ್ಲ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ಆದರೆ ನನ್ನ ಮಗನ ಹುಟ್ಟುಹಬ್ಬಕ್ಕೆ ಖೈತಾನಿನ ನಮ್ಮ ಮನೆಗೆ ಬಂದ ಈ ಮಹಾಶಯರು, ಕೇಕಿನ ಮೇಲಿನ ಐದು ಮೇಣದಬತ್ತಿ ಹಚ್ಚುವ ಮೊದಲು ಕಿಟಕಿಯ ಪರದೆ ಬಿಚ್ಚಿಸಿ, ಬಕೆಟ್ಟಿನಲ್ಲಿ ನೀರು ತುಂಬಿಸಿ, ಬಂದ ಮಕ್ಕಳ ತಲೆ ಎಣಿಸಿ, "ಹ್ಞಾಂ, ಈಗ ಹಚ್ರಿ" ಎಂದರು. ಅಷ್ಟರಲ್ಲಿ ನನ್ನ ಮಗ ನಿದ್ದೆ ಹೋಗಿದ್ದ.

ತಪ್ಪು ಅವರದಲ್ಲ. ವಿಜಯಪುರದ ಕಡೆಯಿಂದ ಬಂದು ಇಪ್ಪತ್ತಾರು ವರ್ಷ ತೈಲ ಘಟಕದಲ್ಲಿ ಸೇಫ್ಟಿ ನೋಡಿಕೊಂಡವರು. ಅಲ್ಲಿ ಪರ್ಮಿಟ್ ಇಲ್ಲದೆ ಯಾರೂ ಸ್ಪ್ಯಾನರ್ ಎತ್ತುವಂತಿಲ್ಲ. ಮಂಗಫಿನ ಅವರ ಮನೆಯಲ್ಲೂ ಅತ್ತೆ ಮೆಣಸಿನಕಾಯಿ ಹುರಿಯುವ ಮುನ್ನ ಕೂಗಿ ಹೇಳಬೇಕು. "ನಮ್ಮ ಲಗ್ನಕ್ಕ ಪರ್ಮಿಟ್ ಯಾರು ಕೊಟ್ಟಿದ್ರು ಕೇಳವ್ವಾ!" ಎಂದು ಅತ್ತೆ ನನ್ನ ಹತ್ತಿರ ದೂರುತ್ತಾರೆ.

ಇಂಥವರ ಒಬ್ಬಳೇ ಮಗಳು ಓದಲು ಜಪಾನಿಗೆ ಹೋದಳು. ಇಲ್ಲಿ ಗೆಳತಿಯರ ಗುಂಪಿನಲ್ಲೇ ಬೆಳೆದ ಹುಡುಗಿ ಅಲ್ಲಿ ಮೂಕಿಯಾದಳು. ಮಾವ ಫೋನ್ ಮಾಡಿದರೆ, "ಊಟ ಆತೇನು?" "ಎಸ್." "ಆರಾಮ ಇದ್ದಿಯಿಲ್ಲೊ?" "ಎಸ್." ಎರಡು ನಿಮಿಷಕ್ಕೆ ಮಾತು ಖಲಾಸ್! ಎರಡೇ ತಿಂಗಳಲ್ಲಿ ಎಲ್ಲ ಬಿಟ್ಟು ವಾಪಸು ಬರುತ್ತೇನೆಂದು ಅಳತೊಡಗಿದಳು. ಮಾವನ ಊಟ ಅರ್ಧಕ್ಕಿಳಿಯಿತು.

ಅಂಥವಳು ಒಂದು ದಿನ ತಾನಾಗಿಯೇ ಫೋನ್ ಮಾಡಿದಳು. ಆ ಊರಿನ ಬೀದಿ ಕುಣಿತದ ತಂಡವೊಂದು ಹೊರದೇಶದ ವಿದ್ಯಾರ್ಥಿಗಳನ್ನೂ ಕರೆದಿತ್ತು. "ಅಪ್ಪಾ, ಐ ವಾಂಟ್ ಟು ಜಾಯ್ನ್."

ಮಾವ ಹೌಹಾರಿದರು. "ಬೀದ್ಯಾಗ? ಮಂದಿ ಮುಂದ? ಕುಣಿಯೂದು?"

"ಹಿರಿಯರ ಆತ್ಮಗಳು ಮನಿಗೆ ಬರೋ ದಿನದ ಹಬ್ಬ ಅಂತ, ಮಾಮಾ" ಎಂದು ಸಮಾಧಾನ ಹೇಳಲು ಹೋದೆ. ಉರಿಯುವ ಬೆಂಕಿಗೆ ತುಪ್ಪ!

"ಹಿರ್ಯಾರು ಬಂದ್ರ ನಾವು ಎಡಿ ಇಡತೀವಿ. ಇವರು ಕುಣೀತಾರ?"

ಪ್ರಶ್ನೆಗಳು ಶುರುವಾದವು. ಕಾಲಿಗೇನು? ಕಟ್ಟಿಗೆಯ ಚಪ್ಪಲಿ. ಜಾರಿದರೆ? ತಲೆಗೇನು? ಹುಲ್ಲಿನ ಟೋಪಿ. ಮೇಲೆ? "ಪೇಪರ್ ಲ್ಯಾಂಟರ್ನ್ಸ್, ಅಪ್ಪಾ." ಮಾವ ಕುರ್ಚಿ ಹಿಡಿದು ಕುಳಿತರು. ಹುಲ್ಲು, ಕಾಗದ, ದೀಪ! ದಿನಾ ಹೊಸ ಪ್ರಶ್ನೆ. ದೀಪದೊಳಗೆ ಬೆಂಕಿಯೋ ಬಲ್ಬೋ? ನೀರಿನ ಗಾಡಿ ಎಷ್ಟು ದೂರ? ಗುಂಪಿನಲ್ಲಿ ಕಳೆದುಹೋದವರು ಎಲ್ಲಿ ಸೇರಬೇಕು? ಪಾಪ, ಹುಡುಗಿ ಸಿಡಿಮಿಡಿಗುಟ್ಟುತ್ತ ತಂಡದವರನ್ನು ಕೇಳಿ ಬಂದು ಉತ್ತರ ಒಪ್ಪಿಸುತ್ತಿದ್ದಳು.

ನನಗೆ ರೇಗಿಹೋಯಿತು. "ಸಾಕು ಮಾಡ್ರಿ ಮಾಮಾ! ಆಕಿ ಬ್ಯಾಸತ್ತು ಎಲ್ಲಾ ಬಿಟ್ಟು ಬಂದ್ರ?" ಮಾವ ನಾಳೆಯ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡರು.

ಅಂತೂ ಪರ್ಮಿಟ್ ಸಿಕ್ಕಿತು. ಹಬ್ಬದ ದಿನ ಶುಕ್ರವಾರ. ಅಲ್ಲಿ ಸಂಜೆ, ಇಲ್ಲಿ ಊಟದ ಹೊತ್ತು. ಎಲ್ಲರೂ ನಮ್ಮ ಮನೆಯಲ್ಲಿ ಇಂಟರ್ನೆಟ್ಟಿನ ನೇರಪ್ರಸಾರ ಹಚ್ಚಿದ ಟಿವಿ ಮುಂದೆ ತಟ್ಟೆ ಹಿಡಿದು ಕುಳಿತಿದ್ದೆವು. ಡೋಲು ಬಡಿಯಿತು. ನೂರಾರು ಹೆಂಗಸರು ಸಾಲಾಗಿ, ಎರಡೂ ಕೈ ಮೇಲೆತ್ತಿ ಬಂದರು.

"ಸ್ಟಾಪ್! ಎಲ್ಲಾ ನಿಲ್ಲಸ್ರಿ!" ಮಾವ ಎದ್ದು ನಿಂತು ಕಿರುಚಿದರು. ತಟ್ಟೆಯ ಅನ್ನ ಕಾರ್ಪೆಟ್ಟಿನ ಪಾಲಾಯಿತು. ಅವರ ಘಟಕದಲ್ಲಿ ಯಾರಾದರೂ ಎರಡೂ ಕೈ ಮೇಲೆತ್ತಿದರೆ ಅಪಾಯ, ಕೆಲಸ ನಿಲ್ಲಿಸಿ ಎಂದರ್ಥ!

"ಮಾಮಾ, ಅದ ಡಾನ್ಸು!"

"ಎಲ್ಲಾರೂ?"

"ಎಲ್ಲಾರೂ!"

ಮೂರನೆಯ ಸಾಲಿನಲ್ಲಿ ನಮ್ಮ ಹುಡುಗಿ ತುದಿಗಾಲಲ್ಲಿ ಕುಣಿಯುತ್ತ, ಪಕ್ಕದವಳ ಮುಖ ನೋಡಿ ನಗುತ್ತಿದ್ದಳು. ಮುಗಿದ ಮೇಲೆ ಫೋನ್ ಮಾಡಿದಳು. ಅದೂ ಕನ್ನಡದಲ್ಲಿ! "ಅಪ್ಪಾ, ಕಾಲು ಭಾಳ ನೋಯಾಕತ್ತಾವ. ನಾ ಈಗ ವಾಪಸ್ ಬರಂಗಿಲ್ಲ. ಇವರು ಮುಂದಿನ ವರ್ಷಾನೂ ಬಾ ಅಂತಾರ!" ಯಾರೋ ಹಿಂದಿನಿಂದ ಅವಳನ್ನು ಕೂಗಿದರು. ಫೋನ್ ಕಟ್ ಆಯಿತು.

"ಏನ್ ಮಾಮಾ, ಇವತ್ತು ಒಂದೂ ಪ್ರಶ್ನೆ ಇಲ್ಲ?" ಎಂದು ಕೆಣಕಿದೆ.

"ಕಾಗದದ ದೀಪದಾಗ ಬಲ್ಬ್ ಇರತಾವಂತ ನನಗ ಗೊತ್ತಿರಲಿಲ್ಲೇನವ್ವಾ?" ಎಂದರು ಮಾವ. "ನಾ ಕೇಳಿದ್ರ ಆಕಿ ಹೋಗಿ ಯಾರನ್ನರ ಕೇಳಬೇಕಾಗ್ತಿತ್ತು. ಹಂಗರ ನಾಕ ಮಂದಿ ಜೋಡಿ ಮಾತಾಡ್ಲಿ ಅಂತ."

ಮಾವ ಕಾರ್ಪೆಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಅನ್ನ ಆಯತೊಡಗಿದರು. "ಇನ್ನ ಆಕಿಗೆ ನನ್ನ ಪ್ರಶ್ನೆ ಬೇಕಾಗಿಲ್ಲ ಬಿಡು" ಎಂದು ನಗಲು ಹೋದವರು, ಅತ್ತೇಬಿಟ್ಟರು.