ಹಿಟ್ಟು ಹೊಸತಾ, ನಿನ್ನೆಯದಾ?

ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ನನಗೆ ಬೆರಗು ಹುಟ್ಟಿಸುವುದು ಕಂಪ್ಯೂಟರಲ್ಲ, ಹೊಸ ವರ್ಷನ್ ಬಂದಾಗಲೆಲ್ಲ ಜನ ಆಡುವ ಮಾತು.

ದಪ್ಪ ಗಡಿಯಾರ

ಮುಂಬಯಿ ಭಾಂಡುಪ್‌ನ ನಮ್ಮ ಮನೆಯಲ್ಲಿ ಅಮ್ಮನ ಫೋನಿಗೆ, ಅದನ್ನು ನಡೆಸುವ ಓಎಸ್‌ನ ಹೊಸ ವರ್ಷನ್ ಹಾಕಿಕೊಟ್ಟೆ. ಪೂರಾ ಒಂದು ಗಂಟೆ ಹಿಡಿಯಿತು.

"ಎಂತ ಹೊಸತು ಮಗಳೇ?"

ಹುಡುಕಿ ಹುಡುಕಿ ಹೇಳಿದೆ: "ಗಡಿಯಾರ ದಪ್ಪ ಆಗಿದೆ ಅಮ್ಮ."

"ಒಳ್ಳೇದಾಯ್ತು. ಎಷ್ಟು ಹೊತ್ತು ಹಾಳಾಯ್ತು ಅಂತ ಇನ್ನು ಕನ್ನಡಕ ಇಲ್ಲದೆಯೂ ಕಾಣ್ತದೆ!"

ಇಂದಿನ ವಿಶೇಷ

ಆಫೀಸಿನ ಎಲ್ಲ ಕಂಪ್ಯೂಟರಿಗೂ ಓಎಸ್‌ನ ಹೊಸ ವರ್ಷನ್ ಬೇಕೋ ಬೇಡವೋ, ಸೋಮವಾರದ ಮೀಟಿಂಗಿನಲ್ಲಿ ನಾನೇ ಹೇಳಬೇಕಿತ್ತು. ಮೀಟಿಂಗಿನಲ್ಲಿ ನನ್ನ ದನಿ ಪಕ್ಕದ ಕುರ್ಚಿಯನ್ನೂ ದಾಟುವುದಿಲ್ಲ. ತಪ್ಪು ಹೇಳಿದರೆ ಎಲ್ಲರ ಕೆಲಸ ನಿಂತು, ಎಲ್ಲರೂ ನೋಡುವುದು ನನ್ನನ್ನೇ.

ದಾದರ್‌ನಲ್ಲಿರುವ ದೊಡ್ಡಪ್ಪನ ಹೋಟೆಲಿಗೆ ಹೋಗಿ ಅಡುಗೆ ಭಟ್ರ ಹತ್ತಿರ ತೋಡಿಕೊಂಡೆ. ಕಾವಲಿಯಿಂದ ಕಣ್ಣೆತ್ತದೆ ಕೇಳಿದರು: "ನಿನ್ನೆಯ ಹಿಟ್ಟು ಉಳಿದು ಹುಳಿ ಬಂದ್ರೆ ಎಂತ ಮಾಡ್ತೇವೆ?"

"ನೀರುಳ್ಳಿ ಉತ್ತಪ್ಪ."

"ಬೋರ್ಡಿನಲ್ಲಿ ಎಂತ ಬರೀತೇವೆ?"

"ಇಂದಿನ ವಿಶೇಷ..."

"ಹಾಂ. ನೀನೂ ಆ ವರ್ಷನ್ ಮಾರುವವರನ್ನು ಅಷ್ಟೇ ಕೇಳು. ಹಿಟ್ಟು ಹೊಸತಾ, ನಿನ್ನೆಯದಾ?"

ಕಂಪ್ಯೂಟರ್ ಮುಟ್ಟಿಯೇ ಇಲ್ಲದ ಮನುಷ್ಯ ನನ್ನ ಎರಡು ವರ್ಷದ ಕೋರ್ಸನ್ನು ಒಂದು ಸಟ್ಟುಗದಲ್ಲಿ ಮಗುಚಿ ಹಾಕಿದ್ದರು! ನಾನು ಬಾಯಿ ತೆರೆದು ನಿಂತಿದ್ದಾಗಲೇ ಮುಂದೆ ಇಂದಿನ ವಿಶೇಷ ಬಂತು. ರುಚಿಯಾಗಿತ್ತು. ಕಷ್ಟ ಇರುವುದೇ ಅಲ್ಲಿ.

ಲೇಟೆಸ್ಟ್

ಸೋಮವಾರ, ಗೋರೆಗಾಂವ್‌ನ ಆಫೀಸು. ಓಎಸ್ ಹಾಕಿಕೊಡುವ ಏಜೆನ್ಸಿಯ ಟೈ ಕಟ್ಟಿದವರೊಬ್ಬರು ಬಣ್ಣಬಣ್ಣದ ಸ್ಲೈಡ್ ತೋರಿಸಿ ಮುಗಿಸಿದರು. ಬಾಸ್ ನನ್ನತ್ತ ತಿರುಗಿದರು. ಲೋಕಲ್ ಟ್ರೈನಿನಲ್ಲಿ ನಿಂತು ಬಾಯಿಪಾಠ ಮಾಡಿದ್ದ ಇಂಗ್ಲಿಷೆಲ್ಲ ಹಾರಿಹೋಗಿ, ಬಾಯಿಂದ ಬಂದದ್ದು ಅಚ್ಚ ಕನ್ನಡ: "ಹಿಟ್ಟು ಹೊಸತಾ, ನಿನ್ನೆಯದಾ?"

ಎಲ್ಲರೂ ನೋಡಿದ್ದು ನನ್ನನ್ನೇ. ಮೇಜಿನಡಿ ಹೊಕ್ಕುಬಿಡೋಣ ಅನ್ನಿಸಿತು.

ಟೈಯವರು ಮೆಲ್ಲಗೆ ನನ್ನ ಕಡೆ ಬಾಗಿ ಕನ್ನಡದಲ್ಲೇ ಕೇಳಿದರು: "ನಿಮ್ಮದು ಯಾವ ಹೋಟೆಲ್ ಮೇಡಂ?"

"ದಾದರ್..."

"ಹಾಗಾದ್ರೆ ಸುಳ್ಳು ಹೇಳಿ ಪ್ರಯೋಜನ ಇಲ್ಲ, ನಾನೂ ಹೋಟೆಲ್ ಮನೆಯವನೇ. ಹಿಟ್ಟು ನಿನ್ನೆಯದೇ. ಆದ್ರೆ ಪಾತ್ರೆ ತೂತಾಗಿತ್ತು, ಬೆಸುಗೆ ಹಾಕಿದ್ದೇವೆ. ನೀರುಳ್ಳಿ ಬರೀ ಚಂದಕ್ಕೆ."

ವೈರಸ್ ನುಗ್ಗುವ ತೂತು ಮುಚ್ಚಿದ್ದರೆ ಬೇಕೇ ಬೇಕು. ಮೊದಲ ಸಲ ನನ್ನ ದನಿ ಗೋಡೆ ಮುಟ್ಟಿತು: "ಹಾಕಿಸೋಣ ಸರ್!"

ಕನ್ನಡ ಬಾರದ ಬಾಸ್ ಬೆರಗಾಗಿ, 'ಹಿಟ್ಟು' ಅಂತ ಡೈರಿಯಲ್ಲಿ ಬರೆದುಕೊಂಡರು. ಯಾವುದೋ ದೊಡ್ಡ ಟೆಕ್ನಿಕಲ್ ಶಬ್ದ ಅಂದುಕೊಂಡಿರಬೇಕು. ಮರುವಾರ ಪ್ರಿಂಟರ್ ಮಾರಲು ಬಂದವನನ್ನು ಗಂಭೀರವಾಗಿ ಕೇಳಿದರು: "ವೋ ಸಬ್ ಠೀಕ್ ಹೈ, ಹಿಟ್ಟು ಕೌನ್ ಸಾ ಹೈ?"

ಅವನು ಒಂದು ಕ್ಷಣವೂ ತಡವರಿಸಲಿಲ್ಲ.

"ಹಿಟ್ಟು ಏಕ್‌ದಮ್ ಲೇಟೆಸ್ಟ್ ವರ್ಷನ್ ಹೈ, ಸರ್!"